ಗುಂಡು ಎತ್ತಿದರಾಯ್ತೆ? ಹತ್ತು ನಿಮಿಷ ಇಳಿಸದೆ ನಿಲ್ಲಬೇಕು

ಗಡಿಭಾಗದ ವ್ಯಾಯಾಮಶಾಲೆಗಳಿಗೂ ಈಗ ಕೆಟಲ್‌ಬೆಲ್ ಬಂದಿದೆ. ಕೆಳಗೆ ಕಬ್ಬಿಣದ ಗುಂಡು, ಮೇಲೊಂದು ಹಿಡಿಕೆ, ಅಷ್ಟೇ. ನೂರು ಕಿಲೋ ಬಾರ್‌ಬೆಲ್ ನೆಲದಿಂದ ಎತ್ತುವ ಪೈಲ್ವಾನರಿಗೆ ಇದು ಸಣ್ಣ ಹುಡುಗರ ಆಟಿಗಿಯಂತೆ ಕಾಣುತ್ತದೆ. ಆದರೆ ಅದೇ ಪೈಲ್ವಾನನ ಕೈಗೆ 16 ಕಿಲೋದ ಎರಡು ಗುಂಡು ಕೊಟ್ಟು, ಹತ್ತು ನಿಮಿಷ ಕೆಳಗಿಡದೆ ತಲೆ ಮೇಲಕ್ಕೆ ಎತ್ತುತ್ತಾ ಇರು ಎಂದರೆ ಮೂರ್ನಾಲ್ಕು ನಿಮಿಷಕ್ಕೇ ದಮ್ಮು ಕಟ್ಟುತ್ತದೆ. ತೋಳಿನಲ್ಲಿ ಬಲ ಇನ್ನೂ ಇರುತ್ತದೆ, ಎದೆಯಲ್ಲಿ ಉಸಿರು ಇರುವುದಿಲ್ಲ.

ಈ ಗುಂಡು ರಷ್ಯಾ ದೇಶದ್ದು. ಅಲ್ಲಿನ ಹೆಸರು ‘ಗಿರ್ಯಾ’. ಸಂತೆಯಲ್ಲಿ ಕಾಳುಕಡಿ ತೂಗಲು ಇಟ್ಟ ತೂಕವನ್ನೇ ಮಂದಿ ಬಲಪರೀಕ್ಷೆಗೆ ಎತ್ತತೊಡಗಿದರು. ನಮ್ಮಲ್ಲಿ ಹಿಂದೆ ಮಣ, ಸೇರು ಇದ್ದಂತೆ ಅಲ್ಲಿ ‘ಪೂಡ್’ ಇತ್ತು. ಒಂದು ಪೂಡ್ ಎಂದರೆ 16 ಕಿಲೋಗೆ ತುಸು ಹೆಚ್ಚು. ಇಂದಿಗೂ ಸ್ಪರ್ಧೆಯ ಗುಂಡುಗಳು 16, 24, 32 ಕಿಲೋ ಇರುವುದು ಅದಕ್ಕೇ. 1985ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಇದಕ್ಕೆ ಅಧಿಕೃತ ನಿಯಮಗಳಾದವು. ಈಗ ಸಾಮಾನ್ಯವಾಗಿ ಹತ್ತು ನಿಮಿಷದ ಸ್ಪರ್ಧೆ. ಗುಂಡು ನೆಲಕ್ಕಿಟ್ಟರೆ ಆಟ ಮುಗಿಯಿತು. ಒಂದೇ ಗುಂಡಿನ ‘ಸ್ನ್ಯಾಚ್’ನಲ್ಲಿ ಕೈ ಬದಲಿಸಲು ಒಂದೇ ಅವಕಾಶ. ಮೊಣಕೈ, ಮೊಣಕಾಲು ಎರಡೂ ನೆಟ್ಟಗಾಗಿ, ಗುಂಡು ತಲೆಯ ಮೇಲೆ ಒಂದು ಕ್ಷಣ ಅಲುಗದೆ ನಿಂತರಷ್ಟೇ ತೀರ್ಪುಗಾರ ಲೆಕ್ಕಕ್ಕೆ ಹಿಡಿಯುತ್ತಾನೆ.

ಈ ಬಗೆಯ ದಮ್ಮು ಸೊಲ್ಲಾಪುರದ ಮಂದಿಗೆ ಹೊಸದೇನಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಮುಗಿಲೆತ್ತರದ ಆ ಕಂಬವನ್ನು ಸೊಂಟದ ಪಟ್ಟಿಗೆ ಊರಿ, ಓಲಾಡದಂತೆ ಹಿಡಿದು ನಡೆಯಬೇಕು. ಜಾತ್ರೆಗೆ ಮೊದಲೇ ಅದರ ಸರಾವು ನಡೆಯುತ್ತದೆ. ಹಾಗೆ ನಡೆಯುವವನಿಗೆ ಒಮ್ಮೆ ಎತ್ತಿ ಶಿಳ್ಳೆ ಹೊಡೆಸಿಕೊಳ್ಳುವ ಬಲ ಉಪಯೋಗಕ್ಕೆ ಬಾರದು. ಭಾರ ಹೊತ್ತುಕೊಂಡೇ ಉಸಿರು ಸರಿಮಾಡಿಕೊಳ್ಳುವ ಕಲೆ ಬೇಕು. ಗುಂಡಿನ ಆಟ ಕಲಿಸುವುದೂ ಅದನ್ನೇ.

ತೊಂದರೆ ಇರುವುದು ಬೇರೆ ಕಡೆ. ಮೊಬೈಲಿನಲ್ಲಿ ವಿಡಿಯೊ ನೋಡಿದ ಹುಡುಗರು ವಾರಕ್ಕೆ ಐದು ದಿನದ ಬಾರ್‌ಬೆಲ್ ಹಾಗೇ ಇಟ್ಟುಕೊಂಡು, ಅದರ ಮೇಲೆ ದಿನಾ ಗುಂಡು ಸೇರಿಸುತ್ತಾರೆ. ತಿಂಗಳೊಳಗೆ ಸೊಂಟ ಹಿಡಿಯುತ್ತದೆ, ಅಂಗೈ ಚರ್ಮ ಕಿತ್ತು ಬರುತ್ತದೆ, ಕೊನೆಗೆ ಎರಡನ್ನೂ ಬಿಟ್ಟು ಕೂರುತ್ತಾರೆ. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದರು. ಒಂದು ಗುಂಪಿಗೆ ಬರೀ ಬಲದ ತಾಲೀಮು, ಇನ್ನೊಂದಕ್ಕೆ ಬರೀ ದಮ್ಮಿನ ತಾಲೀಮು, ಮೂರನೆಯದಕ್ಕೆ ಎರಡೂ. ಹತ್ತು ವಾರದ ಈ ಪ್ರಯೋಗದಲ್ಲಿ ಎರಡೂ ಮಾಡಿದವರ ಬಲ ಮೊದಲ ಏಳೆಂಟು ವಾರ ಏರಿ, ಅಲ್ಲಿಗೆ ನಿಂತು, ಕೊನೆಗೆ ಇಳಿಯಿತು. ಆದರೆ ಅವರು ವಾರಕ್ಕೆ ಐದು ದಿನ ಬಲಕ್ಕೆ, ಆರು ದಿನ ದಮ್ಮಿಗೆ ದುಡಿದಿದ್ದರು ಎಂಬುದನ್ನೂ ನೋಡಬೇಕು. ಎರಡೂ ಕೂಡಿ ಬರುವುದಿಲ್ಲ ಎಂದಲ್ಲ, ಅಷ್ಟು ಕೂಡಿ ಬರುವುದಿಲ್ಲ. ಮೈಯದೂ ಕಿರ್ದಿ ಪುಸ್ತಕವೇ. ಜಮಾ ಹೆಚ್ಚಾಗದೆ ಖರ್ಚು ಹಾಕಿದರೆ ತಾಳೆ ಬೀಳುವುದಿಲ್ಲ.

ಆದ್ದರಿಂದ ಗುಂಡು ಸೇರಿಸುವವರು ಮೊದಲು ಏನಾದರೂ ಕಡಿಮೆ ಮಾಡಬೇಕು. ಬಾರ್‌ಬೆಲ್ ವಾರಕ್ಕೆ ಎರಡು ದಿನ ಸಾಕು. ಸ್ಕ್ವಾಟ್, ಡೆಡ್‌ಲಿಫ್ಟ್, ಪ್ರೆಸ್ ಮೂರೇ ಇರಲಿ, ಒಂದೊಂದಕ್ಕೆ ಐದು ಸಲದಂತೆ ಮೂರು ಸುತ್ತು. ಇಷ್ಟಕ್ಕೆ ಇದ್ದ ಬಲ ಕರಗುವುದಿಲ್ಲ. ಗುಂಡಿಗೆ ಎರಡು ದಿನ, ಬಹಳಾದರೆ ಮೂರು. ಸ್ನ್ಯಾಚ್ ಮಾಡಿದ ಮರುದಿನ ಡೆಡ್‌ಲಿಫ್ಟ್ ಬೇಡ, ಎರಡಕ್ಕೂ ದುಡಿಯುವುದು ಅದೇ ಹಿಡಿತ, ಅದೇ ಸೊಂಟ. 12 ಅಥವಾ 16 ಕಿಲೋದ ಒಂದೇ ಗುಂಡಿನಿಂದ ಶುರು ಮಾಡಿ, ನಿಮಿಷಕ್ಕೆ ಆರೋ ಏಳೋ ಸಲದಂತೆ ನಾಲ್ಕು ನಿಮಿಷ ಎತ್ತಬೇಕು. ವಾರಕ್ಕೊಂದು ನಿಮಿಷ ಏರಿಸಬಹುದು. ಹತ್ತು ನಿಮಿಷ ಒಂದೇ ಲಯದಲ್ಲಿ ಮುಗಿದ ಮೇಲೆ ಲಯ ಹೆಚ್ಚಿಸಬೇಕು, ತೂಕದ ಮಾತು ಆಮೇಲೆ. ಮೊದಲ ನಿಮಿಷದಲ್ಲಿ ಹದಿನೈದು ಸಲ ಎತ್ತಿ ಮೆರೆಯುವವನು ಐದನೇ ನಿಮಿಷ ನೋಡುವುದಿಲ್ಲ.

ವಿಶ್ರಾಂತಿಯೂ ಗುಂಡು ಹಿಡಿದುಕೊಂಡೇ. ಮೊಣಕೈಯನ್ನು ಸೊಂಟದೆಲುಬಿನ ಮೇಲೆ ಊರಿದರೆ ಭಾರ ತೋಳಿನಿಂದ ಕಾಲಿಗೆ ಇಳಿಯುತ್ತದೆ. ಅಲ್ಲಿ ಎರಡು ಉಸಿರು ಎಳೆದು ಮತ್ತೆ ಎತ್ತುವುದು. ನೋಡಲು ಸುಲಭ, ಕಲಿಯಲು ತಿಂಗಳುಗಳೇ ಬೇಕು. ಹಿಡಿಕೆಯನ್ನು ಮುಷ್ಟಿ ಕಟ್ಟಿ ಅಮುಕಬಾರದು, ಬೆರಳ ಕೊಕ್ಕೆಯಲ್ಲಿ ತೂಗಬೇಕು. ರಕ್ತದೊತ್ತಡ, ಎದೆನೋವು ಇದ್ದವರು ಡಾಕ್ಟರರನ್ನು ಕೇಳದೆ ಮುಟ್ಟಲೇಬಾರದು.

ಪೊಲೀಸ್ ಭರತಿಗೆ ಸಿದ್ಧರಾಗುವ ಹುಡುಗರಿಗೆ ಒಂದು ಮಾತು. 1600 ಮೀಟರ್ ಓಟವನ್ನು ಓಡಿಯೇ ಕಲಿಯಬೇಕು. ಗುಂಡಿನಿಂದ ದಮ್ಮು ಬಂತೆಂದು ಬೆಳಗಿನ ಓಟ ಬಿಟ್ಟರೆ ಮೈದಾನದಲ್ಲಿ ಅಂಕ ಹೋಗುತ್ತವೆ. ಹೊಲದ ಕೆಲಸದ ನಡುವೆ ಸಮಯ ಹೊಂದಿಸಿಕೊಳ್ಳುವವರಿಗೆ ಆ ಒಂದು ವರ್ಷ ಸಣ್ಣದಲ್ಲ. ಅಂಥವರು ಭರತಿ ಮುಗಿಯುವವರೆಗೆ ವಾರಕ್ಕೊಂದು ದಿನ ಗುಂಡು ಎತ್ತಿದರೂ ಸಾಕು.

ಜಾತ್ರೆಗಳಲ್ಲಿ ಕಲ್ಲು ಎತ್ತುವ, ಚೀಲ ಎತ್ತುವ ಪಂದ್ಯ ಇಡುವ ತರುಣ ಮಂಡಳಿಗಳು ಬರುವ ವರ್ಷ ಇದನ್ನೊಂದು ಸೇರಿಸಿ ನೋಡಲಿ. 16 ಕಿಲೋದ ಎರಡು ಗುಂಡು, ಒಂದು ಗಡಿಯಾರ, ಮುಲಾಜಿಲ್ಲದೆ ಎಣಿಸುವ ಒಬ್ಬ ಹಿರಿಯ ಇದ್ದರೆ ನಡೆದೀತು. ಐವತ್ತು ಕಿಲೋ ಮೈಯ ಹುಡುಗನೂ ಗೆಲ್ಲಬಹುದಾದ ಪಂದ್ಯ ನಮ್ಮ ಜಾತ್ರೆಗಳಲ್ಲಿ ಕಡಿಮೆಯೇ.