ತೋಳದ ಆವರಣವೂ ಪಾಲಕನ ಯಕೃತ್ತೂ

ಮೃಗಾಲಯದಲ್ಲಿ ತೋಳದೆದುರು ನಿಂತಾಗ ನಮಗೆ ಕಾಣುವುದು ಅದರ ಹಲ್ಲು. ಕಂದಕವೂ ಕಬ್ಬಿಣದ ಜಾಲರಿಯೂ ಆ ಹಲ್ಲಿನ ಭಯಕ್ಕೆ ಕಟ್ಟಿದವು. ಆದರೆ ತೋಳ, ನರಿ, ಕೆನ್ನಾಯಿಗಳಿಂದ ಮನುಷ್ಯನಿಗೆ ಬರಬಹುದಾದ ಕೇಡುಗಳಲ್ಲೊಂದು ಹಲ್ಲಿನಲ್ಲಿಲ್ಲ, ಮಲದಲ್ಲಿದೆ. ಅದಕ್ಕೆ ಮೊದಲು ಗುರಿಯಾಗುವವರು ಭಾನುವಾರ ಮಕ್ಕಳ ಕೈ ಹಿಡಿದು ಹೋಗುವ ನಾವಲ್ಲ. ದಿನವೂ ಬೆಳಗ್ಗೆ ಪೊರಕೆ, ಬಕೆಟ್ಟು ಹಿಡಿದು ಆವರಣದೊಳಕ್ಕೆ ಹೋಗುವ ಪಾಲಕರು.

ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮಾತಿದು. ಲಾಡಿಹುಳು ಎಂದೊಡನೆ ಮಾರುದ್ದದ ಹುಳು ನೆನಪಾಗುತ್ತದೆ. ಇದಾದರೋ 2ರಿಂದ 7 ಮಿಲಿಮೀಟರಿನದು. ಶ್ವಾನಕುಲದ ಪ್ರಾಣಿಯ ಸಣ್ಣಕರುಳಿನಲ್ಲಿ ಸಾವಿರಗಟ್ಟಲೆ ನೆಲೆಸಿದ್ದರೂ ಆ ಪ್ರಾಣಿ ಸಾಮಾನ್ಯವಾಗಿ ಲವಲವಿಕೆಯಿಂದಲೇ ಓಡಾಡಿಕೊಂಡಿರುತ್ತದೆ. ಹುಳುವಿನ ಮೊಟ್ಟೆ ಮಲದೊಂದಿಗೆ ಹೊರಬಂದು, ಹುಲ್ಲಿನ ಮೂಲಕ ಕುರಿ, ಮೇಕೆ, ದನಗಳ ಹೊಟ್ಟೆ ಸೇರಿ, ಅವುಗಳ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಗುಳ್ಳೆಯಾಗಿ ಬೆಳೆಯುತ್ತದೆ. ಆ ಗುಳ್ಳೆಯುಳ್ಳ ಅಂಗವನ್ನು ತಿಂದ ತೋಳದ ಕರುಳಿನಲ್ಲಿ ಮತ್ತೆ ಹುಳು. ಈ ಚಕ್ರದಲ್ಲಿ ಮನುಷ್ಯನಿಗೆ ಯಾವ ಪಾತ್ರವೂ ಇಲ್ಲ. ಕೈಗಂಟಿದ ಮೊಟ್ಟೆ ಬಾಯಿಗೆ ಹೋದರೆ ಮಾತ್ರ ಅವನ ಯಕೃತ್ತಿನಲ್ಲೂ ಅದೇ ಗುಳ್ಳೆ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಒಳಗೇ ಒಡೆದರೆ ಪ್ರಾಣಾಪಾಯ.

ಇದನ್ನು ಕಾಡುಪ್ರಾಣಿಯ ರೋಗವೆಂದು ಕರೆದು ತೋಳದ ತಲೆಗೆ ಕಟ್ಟುವುದು ಸುಲಭ. ನಮ್ಮ ಕಥೆಗಳಲ್ಲಿ ಅದಕ್ಕೆ ಈಗಾಗಲೇ ಸಾಕಷ್ಟು ಅಪಕೀರ್ತಿಯಿದೆ. ಕಾಡಿನಿಂದ ಬಂದ ಪ್ರಾಣಿ ಹುಳುವನ್ನು ಹೊಟ್ಟೆಯಲ್ಲೇ ಹೊತ್ತು ತಂದಿರಬಹುದು, ನಿಜ. ಆದರೆ ಆವರಣದಲ್ಲೇ ಹುಟ್ಟಿ ಬೆಳೆದ ತೋಳ ಬೇಟೆಯಾಡುವುದಿಲ್ಲ. ನಾವು ಕೊಂಡು ತಂದು ಹಾಕಿದ್ದನ್ನು ತಿನ್ನುತ್ತದೆ. ಅದರ ಕರುಳಿನಲ್ಲಿ ಈ ಹುಳು ಕಂಡರೆ ಸರಿಯಾಗಿ ಪರೀಕ್ಷಿಸದ ಯಕೃತ್ತು, ಶ್ವಾಸಕೋಶಗಳನ್ನು ಬಡಿಸಿದವರಾರು ಎಂದು ಕೇಳಬೇಕು. ಅಂತಹ ಅಂಗಗಳನ್ನು ಕೊಡದಿರುವುದು, ಕೊಡಲೇಬೇಕಾದರೆ ಚೆನ್ನಾಗಿ ಬೇಯಿಸುವುದು ಅಥವಾ ಹಲವು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿಸಿಡುವುದು, ಇವೇನೂ ದೊಡ್ಡ ವಿಜ್ಞಾನವಲ್ಲ.

‘ಹುಳುವಿನ ಔಷಧಿ ಕೊಡುತ್ತೇವಲ್ಲ’ ಎಂಬ ಸಮಾಧಾನವೂ ನಮಗೆ ಅರೆಬರೆಯಾಗಿ ತೋರುತ್ತದೆ. ಪ್ರಾಜಿಕ್ವಾಂಟೆಲ್ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಔಷಧಿ ಕೊಟ್ಟ ನಂತರದ ಕೆಲವು ದಿನಗಳ ಮಲವನ್ನು ಎಚ್ಚರದಿಂದ ಸಂಗ್ರಹಿಸಿ ಸುಡದಿದ್ದರೆ ಅಪಾಯ ಹೊಟ್ಟೆಯಿಂದ ನೆಲಕ್ಕೆ ಇಳಿದಂತಾಯಿತು, ಅಷ್ಟೆ. ಸಾಮಾನ್ಯ ಕ್ರಿಮಿನಾಶಕಗಳಿಗೂ ಈ ಮೊಟ್ಟೆ ಜಗ್ಗದು. ತೇವ ಮತ್ತು ತಂಪಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಇತರ ಕೆಲವು ಲಾಡಿಹುಳುಗಳ ಮೊಟ್ಟೆಗಿಂತ ಬೇರೆಯಾಗಿ ಕಾಣುವುದಿಲ್ಲ. ಇದಕ್ಕೆ ಹೋಲಿಸಿದರೆ ಟಾಕ್ಸೊಕಾರ ಎಂಬ ದುಂಡುಹುಳು ಸ್ವಲ್ಪ ಕಾಲಾವಕಾಶ ಕೊಡುತ್ತದೆ. ತಾಯಿಯ ಗರ್ಭದಲ್ಲೇ ಮರಿಗೆ ದಾಟುವ ಆ ಹುಳುವಿನ ಮೊಟ್ಟೆ ಸೋಂಕಾಗಿ ಮಾಗಲು ಮಣ್ಣಿನಲ್ಲಿ ಸಾಮಾನ್ಯವಾಗಿ ಕೆಲವು ವಾರ ಬೇಕು. ದಿನವೂ ಮಲ ತೆಗೆದರೆ ಬಹುಪಾಲು ಗೆದ್ದಂತೆ. ಎಕಿನೊಕಾಕಸ್ ಮೊಟ್ಟೆಯಾದರೋ ಹೊರಬಿದ್ದ ಗಳಿಗೆಯಿಂದಲೇ ಸಿದ್ಧ. ದಿನವೂ ಮಲ ತೆಗೆಯುವ ಆ ಕೈಗೇ ಅದು ಅಂಟುವುದು.

ವಿಶಾಖಪಟ್ಟಣದಲ್ಲಿ ಕೆನ್ನಾಯಿಗಳ ಸಂತತಿ ಬೆಳೆಸುವ ಕೆಲಸ ನಡೆದಿದೆ. ಅಳಿವಿನಂಚಿನ ಆ ಪ್ರಾಣಿಗೆ ಅದು ಬೇಕು. ರೋಗದ ಹೆಸರು ಹೇಳಿ ಇಂತಹ ಆವರಣಗಳನ್ನೇ ಮುಚ್ಚಬೇಕೆನ್ನುವವರೊಂದಿಗೆ ನಾವಿಲ್ಲ. ಆದರೆ ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ಮೈಸೂರಿನಲ್ಲಾಗಲಿ, ಟಿಕೆಟಿನ ಹಣ ತೆತ್ತು ಒಳಹೋಗುವ ನಮಗೆ ಕೇಳುವ ಹಕ್ಕಿದೆ: ಪ್ರಾಣಿಯ ಮಲಪರೀಕ್ಷೆಗೆ ಇರುವ ಕಡತದ ಪಕ್ಕದಲ್ಲಿ ಪಾಲಕನ ಆರೋಗ್ಯದ ಕಡತವೂ ಇದೆಯೇ? ಅವನಿಗೆ ಕೈಗವಸು, ಬೂಟು, ಉಣ್ಣುವ ಮುನ್ನ ಸಾಬೂನು ಹಚ್ಚಿ ಕೈ ತೊಳೆಯಲು ನಲ್ಲಿ, ಊಟಕ್ಕೆ ಆವರಣದಿಂದ ದೂರವಾದ ಜಾಗ ಇವೆಯೇ? ಆಗಾಗ ಹೊಟ್ಟೆಯ ಸ್ಕ್ಯಾನ್ ಆಗುತ್ತದೆಯೇ? ಗುತ್ತಿಗೆಯ ಮೇಲೆ ಎರಡು ವರ್ಷ ದುಡಿದು ಬಿಟ್ಟವನ ಯಕೃತ್ತಿನಲ್ಲಿ ಹತ್ತನೆಯ ವರ್ಷಕ್ಕೆ ಗುಳ್ಳೆ ಕಂಡರೆ, ಆ ಶಸ್ತ್ರಚಿಕಿತ್ಸೆಯ ಬಿಲ್ಲು ಯಾರ ಹೆಸರಿಗೆ?