ಮುಕ್ಕಾಲು ಪಾಲು ಸಮಯ

ಮೊನ್ನೆ ಶನಿವಾರ ಸನ್ನಿವೇಲ್‌ನ ಎಲ್ ಕ್ಯಾಮಿನೋ ರಸ್ತೆಯ ಹೋಟೆಲಲ್ಲಿ ಮಸಾಲೆ ದೋಸೆಗೆ ಕಾಯ್ತಾ ಕೂತಿದ್ವಿ. ಜೊತೆಗೆ ನಮ್ಮ ಅಪಾರ್ಟ್‌ಮೆಂಟಿನ ಡಾಕ್ಟರಕ್ಕ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿ, ಇಲ್ಲಿ ಕಿಡ್ನಿ ಡಾಕ್ಟರಾದವರು. "ನಂಗೆ ಟ್ರಾನ್ಸ್‌ಲೇಶನಲ್ ರಿಸರ್ಚ್ ಮಾಡ್ಬೇಕು ಕಣೋ" ಅಂದ್ರು. ಕೋಡ್ ಕುಟ್ಟೋ ನಂಗೇನು ಗೊತ್ತು? "ಭಾಷಾಂತರಾನಾ ಅಕ್ಕ?" ಅಂದೆ.

"ಒಂಥರಾ ಅದೇ! ಲ್ಯಾಬಿನ ಇಲಿಯಲ್ಲಿ ಕಂಡಿದ್ದು ವಾರ್ಡಿನ ರೋಗಿಗೆ ಔಷಧಿಯಾಗಿ ಮುಟ್ಟೋ ತನಕ ಮಾಡೋ ಕೆಲಸ."

ನಮ್ಮ ಕೋಡಲ್ಲಿ ಬಗ್ ಬಂದ್ರೆ ಪ್ಯಾಚ್ ಹಾಕ್ತೀವಿ. ಅಲ್ಲಿ ಬಗ್ ಅಂದ್ರೆ ಒಂದು ಜೀವ. ಎಷ್ಟು ರೋಗಿಗಳು ಬೇಕು, ಲೆಕ್ಕ ಹೇಗೆ, ಅವರ ಒಪ್ಪಿಗೆ ಹೇಗೆ ಕೇಳೋದು - ಇದನ್ನೆಲ್ಲ ಡಾಕ್ಟರೂ ಬೇರೆಯಾಗೇ ಕಲಿಯಬೇಕಂತೆ. 1979ರಲ್ಲೇ ಜೇಮ್ಸ್ ವಿನ್‌ಗಾರ್ಡನ್ ಎಂಬ ವೈದ್ಯರು, ರೋಗಿಗಳ ಮಧ್ಯೆ ಸಂಶೋಧನೆ ಮಾಡುವವರು ಅಳಿವಿನಂಚಿನ ಜೀವಿಗಳಾಗಿದ್ದಾರೆ ಅಂತ ಎಚ್ಚರಿಸಿದ್ದರು. 2006ರಲ್ಲಿ ಎನ್‌ಐಎಚ್ ಇಂಥವರನ್ನೂ ತಯಾರು ಮಾಡೋದಕ್ಕೆ 12 ಸಂಸ್ಥೆಗಳಿಗೆ ಹಣ ಕೊಟ್ಟಿತು. ಪಕ್ಕದ ಯುಸಿಎಸ್‌ಎಫ್ ಅದರಲ್ಲೊಂದು. ಸ್ಟ್ಯಾನ್‌ಫರ್ಡ್ 2008ರಲ್ಲಿ ಸೇರಿತು.

ಅಕ್ಕನ ಕಣ್ಣು ಕೆ23 ಅನ್ನೋ ಅನುದಾನದ ಮೇಲೆ. 3ರಿಂದ 5 ವರ್ಷ, ಒಬ್ಬ ಗುರು, ಸಾಮಾನ್ಯವಾಗಿ ಶೇ. 75ರಷ್ಟು ಸಮಯ ಸಂಶೋಧನೆಗೇ ಮೀಸಲು. ಹಣಕ್ಕಿಂತ ಈ ಸಮಯವೇ ದೊಡ್ಡದು. ಇಲ್ಲದಿದ್ರೆ ಡ್ಯೂಟಿ ಮುಗಿಸಿ, ಮಗು ಮಲಗಿಸಿ, ರಾತ್ರಿ 11ಕ್ಕೆ ಕೂತು ಎಷ್ಟು ಅಂತ ಮಾಡ್ತಾರೆ?

"ಮತ್ತೆ ಅರ್ಜಿ ಹಾಕಿ!"

"ಗ್ರೀನ್ ಕಾರ್ಡಾದ್ರೂ ಇರಬೇಕಲ್ಲೋ."

ದೋಸೆ ಬಂತು. ಇಬ್ಬರೂ ಸುಮ್ಮನಾದ್ವಿ. ಎಚ್1ಬಿ ಸಾಲಲ್ಲಿ ನಿಂತ ನಂಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ವೀಸಾದವರಿಗೂ ಸಿಗೋ ಕೆ99ಕ್ಕೆ ಅನುಭವದ ವರ್ಷಗಳ ಮಿತಿ ಇದೆ, ಅಕ್ಕ ಅದನ್ನೂ ದಾಟಿದ್ದಾರೆ. ಒಂದು ಖಾಸಗಿ ಆಸ್ಪತ್ರೆ ಒಳ್ಳೆ ಸಂಬಳಕ್ಕೆ ಕರೀತಿದೆ, ರಿಸರ್ಚ್ ಮಾತ್ರ ಇಲ್ಲ. ಇನ್ನೊಂದು ದಾರಿ ಬೆಂಗಳೂರು: ವೈದ್ಯರಿಗೂ ಫೆಲೋಶಿಪ್ ಕೊಡೋ ಇಂಡಿಯಾ ಅಲಯನ್ಸ್ 2008ರಲ್ಲೇ ಶುರುವಾಗಿದೆ. ಐಐಎಸ್‌ಸಿ 800 ಹಾಸಿಗೆಯ ಆಸ್ಪತ್ರೆಗೆ ಕೈ ಹಾಕಿದೆ, 2022ರಲ್ಲಿ ಅದಕ್ಕೆ 425 ಕೋಟಿ ದೇಣಿಗೆ ಘೋಷಣೆಯಾಯ್ತು. ಆದ್ರೆ ಅಕ್ಕನ ಮಗ ಇಲ್ಲಿ ಎರಡನೇ ಕ್ಲಾಸು.

"ತಿಂಗಳ ಕೊನೆಗೆ ಆ ಆಸ್ಪತ್ರೆಗೆ ಉತ್ತರ ಹೇಳ್ಬೇಕು" ಅಂದ್ರು.

ಹಾಸನದಲ್ಲಿ ನಮ್ಮ ದೊಡ್ಡಪ್ಪ ವಾರಕ್ಕೆ 2 ಸಲ ಡಯಾಲಿಸಿಸ್‌ಗೆ ಹೋಗ್ತಾರೆ. ಹಾಗಾಗಿ ಅಕ್ಕ ಎಲ್ಲೇ ಇರಲಿ, ರಿಸರ್ಚ್ ಮಾತ್ರ ಬಿಡದಿರಲಿ ಅನ್ನೋದು ನನ್ನ ಸ್ವಾರ್ಥ. ಹೇಳೋಕೆ ಬಾಯಿ ಬರಲಿಲ್ಲ, ಕಾಫಿ ಬಿಲ್ಲು ಮಾತ್ರ ನಾನೇ ಕೊಟ್ಟೆ.

ನೀವಾಗಿದ್ರೆ ಏನ್ ಹೇಳ್ತಿದ್ರಿ?