ಕೈ ಎತ್ತುವ ಮುನ್ನ

ಹಿಂಸೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಯುದ್ಧ, ದಂಗೆ, ದರೋಡೆಗಳ ಚಿತ್ರ. ಆದರೆ ಪತ್ರಿಕೆಗಳಲ್ಲಿ ಅಚ್ಚಾಗದ ಇನ್ನೊಂದು ಹಿಂಸೆಯುಂಟು. ಅದು ಒಬ್ಬರನ್ನೊಬ್ಬರು ಬಲ್ಲವರ ನಡುವೆ, ಮನೆಯ ಗೋಡೆಗಳ ಒಳಗೆ ನಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 18ರಿಂದ 49 ವರ್ಷ ವಯಸ್ಸಿನ ವಿವಾಹಿತ ಸ್ತ್ರೀಯರನ್ನು ಈ ಕುರಿತು ವಿಚಾರಿಸಿತು. ಪತಿಯಿಂದ ಹಿಂಸೆಯನ್ನು ಅನುಭವಿಸಿದ್ದೇವೆಂದು ಹೇಳಿದವರು ದೇಶದಲ್ಲಿ ನೂರಕ್ಕೆ 29 ಮಂದಿ; ನಮ್ಮ ಕರ್ನಾಟಕದಲ್ಲಿ 44 ಮಂದಿ. ನಾವು ತಲೆ ತಗ್ಗಿಸಬೇಕಾದ ಮಾತಿದು.

ಈ ಹಿಂಸೆಯು ನೀರಿನಂತೆ ಸದಾ ಇಳಿಜಾರನ್ನೇ ಹಿಡಿಯುತ್ತದೆ. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡ ಸೊಸೆಯನ್ನು ಕುರಿತು ನಮ್ಮ ಗಾದೆ ನಗುತ್ತದೆ. ಆ ನಗೆಯ ಹಿಂದೆ ಸತ್ಯವಿದೆ. ಧಣಿಯಿಂದ ಬೈಸಿಕೊಂಡವನು ಮನೆಗೆ ಬಂದು ಹೆಂಡತಿಯ ಮೇಲೆ ಕೈಮಾಡುತ್ತಾನೆ. ಅವಳು ಮಗುವಿನ ಬೆನ್ನಿಗೆ ಗುದ್ದುತ್ತಾಳೆ. ‘ಕೋಪ ತಡೆಯಲಾಗಲಿಲ್ಲ’ ಎಂಬುದು ಎಲ್ಲರ ಸಮಜಾಯಿಷಿ. ಆದರೆ ಅದೇ ಕೋಪವು ಧಣಿಯ ಎದುರಿನಲ್ಲಿ ತಡೆದುಕೊಂಡಿತಲ್ಲವೆ? ತಿರುಗಿ ಹೊಡೆಯಲಾರರೆಂಬ ಧೈರ್ಯವೇ ನಮ್ಮ ಕೈಯನ್ನು ಮೇಲೆತ್ತಿಸುತ್ತದೆ.

ನಾನೂ ಈ ಮಾತಿಗೆ ಹೊರತಾದವನಲ್ಲ. ಉಪಾಧ್ಯಾಯ ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಬೆತ್ತವಿಲ್ಲದೆ ತರಗತಿಗೆ ಹೋದವನಲ್ಲ. ಒಂದು ಬೆಳಿಗ್ಗೆ ಪದ್ಯ ಒಪ್ಪಿಸದ ಹುಡುಗನೊಬ್ಬನಿಗೆ ನಾಲ್ಕು ಏಟು ಕೊಟ್ಟೆ. ಮಧ್ಯಾಹ್ನದ ಬಿಡುವಿನಲ್ಲಿ ಅವನು ಕೆಳಗಿನ ತರಗತಿಯ ಬಾಲಕನನ್ನು ಹೊಡೆಯುತ್ತಿದ್ದುದನ್ನು ಕಂಡು, ಏಕೆಂದು ಗದರಿಸಿದೆ. “ಹೇಳಿದ ಮಾತು ಕೇಳಲಿಲ್ಲ ಸಾರ್” ಎಂದ. ಬೆಳಿಗ್ಗೆ ನಾನು ಕೊಟ್ಟಿದ್ದ ಕಾರಣವೂ ಅದೇ. ಆ ದಿನ ನನ್ನಿಂದ ಅವನು ಕಲಿತದ್ದು ಹೊಡೆಯುವುದನ್ನು ಮಾತ್ರ.

ಏಟಿನ ಬಾಸುಂಡೆ ನಾಲ್ಕು ದಿನದಲ್ಲಿ ಮಾಯುತ್ತದೆ, ಅಂಜಿಕೆಯು ಮಾಯುವುದಿಲ್ಲ. ಹೊಡೆತವನ್ನು ನೋಡುತ್ತ ಬೆಳೆದವರಲ್ಲಿ ಕೆಲವರು ತಾವೂ ಹೊಡೆಯುತ್ತಾರೆ. ಕೆಲವರು ಅದೇ ತಮ್ಮ ಹಣೆಬರಹವೆಂದು ಸಹಿಸುತ್ತಾರೆ. ನೆರೆಯವರು ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಆ ಗಾದೆ ಮಾತಿನ ಜಗಳಕ್ಕೆ ಸಲ್ಲಬಹುದು, ಹೊಡೆತಕ್ಕೆ ಸಲ್ಲದು. ಮನೆಯೊಳಗಿನ ಹಿಂಸೆಯಿಂದ ಸ್ತ್ರೀಯರನ್ನು ರಕ್ಷಿಸಲು 2005ರಲ್ಲಿ ಕಾಯಿದೆಯಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಆದರೆ ನೆರೆಯವರು ಬಾಗಿಲು ತೆರೆಯದಿದ್ದರೆ ಕಾಯಿದೆಯು ಒಳಗೆ ಬರುವುದೆಂತು?

ಏಟಿಲ್ಲದೆ ಶಿಸ್ತು ಬಾರದೆನ್ನುವವರು ಇಂದಿಗೂ ಇದ್ದಾರೆ. ನಾನು ಬೆತ್ತವನ್ನು ಬಿಟ್ಟ ಮೇಲೆಯೂ ಮಕ್ಕಳು ಪದ್ಯ ಒಪ್ಪಿಸಿದರು. ಅಷ್ಟೇ ಅಲ್ಲ, ಅರ್ಥವಾಗದ ಪದವನ್ನು ಅಂಜದೆ ಕೇಳತೊಡಗಿದರು.

ವಿದ್ಯಾರ್ಥಿಗಳೇ, ಕೋಪ ಬರುವುದು ಸಹಜ. ಕೈ ಎತ್ತುವುದು ನಾವು ಕಲಿತದ್ದು. ಕಲಿತದ್ದನ್ನು ಬಿಡಲೂಬಹುದು. ನಿಮ್ಮ ಮೇಲೆಯೇ ಏಟು ಬೀಳುತ್ತಿದ್ದರೆ ಅದನ್ನು ನಾಚಿ ಮುಚ್ಚಿಡಬೇಡಿರಿ. ನಂಬಿಕೆಯ ಹಿರಿಯರಿಗೆ ಹೇಳಿರಿ, ಇಲ್ಲವೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿರಿ. ಇಳಿಜಾರಿನ ಹೊಲದಲ್ಲಿ ಮಣ್ಣು ಕೊಚ್ಚಿಹೋಗದಂತೆ ರೈತನು ಬದು ಹಾಕುತ್ತಾನೆ. ತಲೆಮಾರಿನಿಂದ ತಲೆಮಾರಿಗೆ ಹರಿದುಬಂದ ಈ ಹಿಂಸೆಗೆ ನಿಮ್ಮ ತಲೆಮಾರು ಬದುವಾಗಲಿ.